ಗಣಕಜಾಲದಲ್ಲಿ ಕಡತಗಳ ಹಂಚಿಕೆ ಮತ್ತು ಅನುಮತಿಯ ಕ್ರಮ

ಶಾಲೆಯ ದಾಖಲೆಗಳು ಕಪಾಟಿನಲ್ಲಿದ್ದ ಕಾಲದಲ್ಲಿ ಬೀಗದ ಕೈ ಯಾರ ಬಳಿಯಿದೆ ಎಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ಅಂಕಗಳ ವಹಿಯನ್ನು ನೋಡುವವರು ಹಲವರು. ತಿದ್ದುವ ಅಧಿಕಾರವುಳ್ಳವರು ಕೆಲವರು. ಆ ದಾಖಲೆಗಳು ಗಣಕಯಂತ್ರವನ್ನು ಸೇರಿ, ಯಂತ್ರಗಳು ಜಾಲದಲ್ಲಿ ಒಂದಕ್ಕೊಂದು ಜೋಡಣೆಯಾದ ಮೇಲೆ ಬೀಗವು ಕಣ್ಣಿಗೆ ಕಾಣದಾಯಿತು. ಆದರೆ ಅದರ ಅಗತ್ಯ ಕಡಿಮೆಯಾಗಲಿಲ್ಲ.

ಈ ಸಮಸ್ಯೆ ಹೊಸದಲ್ಲ. ಒಂದೇ ಗಣಕವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೋ ಕೋರ್ಬಟೊ ಮತ್ತು ಸಂಗಡಿಗರು 1961ರಲ್ಲಿ ತೋರಿಸಿಕೊಟ್ಟರು. ಅದೇ ದಶಕದಲ್ಲಿ ಅಲ್ಲಿ ಒಂದು ಪ್ರಮಾದ ನಡೆಯಿತು. ಇಬ್ಬರು ನಿರ್ವಾಹಕರು ಒಂದೇ ಕೋಶದಲ್ಲಿ ಕೆಲಸ ಮಾಡುತ್ತಿದ್ದಾಗ ಅವರ ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಪ್ರವೇಶಿಸಿದವರೆಲ್ಲರ ಮುಂದೆ ದಿನದ ಸೂಚನೆಯ ಬದಲು ಎಲ್ಲರ ಗುಪ್ತಪದಗಳ ಪಟ್ಟಿ ಮೂಡಿತು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಒಂದು ಕೋಶವನ್ನು ಒಬ್ಬರೇ ಬಳಸುತ್ತಾರೆಂಬ ಊಹೆಯೇ ಅನರ್ಥಕ್ಕೆ ಮೂಲವಾಯಿತು.

ಮೂರು ವರ್ಗ, ಮೂರು ಹಕ್ಕು

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಇದಕ್ಕೊಂದು ಸರಳ ಕ್ರಮ ರೂಪುಗೊಂಡಿತು. ಪ್ರತಿಯೊಂದು ಕಡತಕ್ಕೂ ಸಂಬಂಧಿಸಿದಂತೆ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳುಂಟು. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1 ಎಂದು ಅಂಕಿಗಳನ್ನಿಟ್ಟು ಕೂಡಿಸಲಾಗುತ್ತದೆ. ಅಂಕಪಟ್ಟಿಯ ಕಡತಕ್ಕೆ 640 ಎಂದು ವಿಧಿಸಿದರೆ ಒಡೆಯನಾದ ಪರೀಕ್ಷಾಧಿಕಾರಿ ಓದಿ ತಿದ್ದಬಲ್ಲರು. ಅಧ್ಯಾಪಕರ ಗುಂಪು ಓದಬಲ್ಲದು. ಉಳಿದವರಿಗೆ ಬಾಗಿಲು ಮುಚ್ಚಿರುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕಡತವನ್ನು ಅಳಿಸುವ ಅಧಿಕಾರ ಕಡತದ ಅನುಮತಿಯಿಂದಲ್ಲ, ಅದನ್ನೊಳಗೊಂಡ ಫೋಲ್ಡರಿನ ಅನುಮತಿಯಿಂದ ಬರುತ್ತದೆ. ಫೋಲ್ಡರಿನೊಳಗೆ ಪ್ರವೇಶಿಸಿ ಬರೆಯುವ ಹಕ್ಕುಳ್ಳವರು, ತಾವು ಓದಲೂ ಆಗದ ಕಡತವನ್ನು ಅಳಿಸಿಬಿಡಬಲ್ಲರು. ಆದ್ದರಿಂದಲೇ ಸರ್ವರೂ ಬಳಸುವ ಫೋಲ್ಡರುಗಳಿಗೆ, ಅಳಿಸುವ ಹಕ್ಕನ್ನು ಒಡೆಯರಿಗೇ ಸೀಮಿತಗೊಳಿಸುವ ವಿಶೇಷ ಗುರುತೊಂದನ್ನು ಇಡುವ ರೂಢಿ ಬಂದಿತು.

ಜಾಲದ ಎರಡು ಬಾಗಿಲುಗಳು

ಜಾಲದಲ್ಲಿ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಪದ್ಧತಿಯಲ್ಲಿ ಬಳಕೆದಾರನನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸಲಾಗುತ್ತಿತ್ತು. ಕೇಳುವ ಯಂತ್ರ ಹೇಳಿದ ಸಂಖ್ಯೆಯನ್ನು ಕೊಡುವ ಯಂತ್ರ ನಂಬುತ್ತಿತ್ತು. ಎರಡು ಯಂತ್ರಗಳಲ್ಲಿ ಒಂದೇ ಸಂಖ್ಯೆ ಬೇರೆ ಬೇರೆ ವ್ಯಕ್ತಿಗಳಿಗಿದ್ದರೆ ಒಬ್ಬರ ಕಡತ ಮತ್ತೊಬ್ಬರ ವಶವಾಗುತ್ತಿತ್ತು.

ವಿಂಡೋಸ್ ವ್ಯವಸ್ಥೆಯಲ್ಲಿ ಎರಡು ಬಾಗಿಲುಗಳಿವೆ: ಒಂದು ಹಂಚಿಕೆಯ ಅನುಮತಿ, ಇನ್ನೊಂದು ಕಡತದ ಅನುಮತಿ. ಜಾಲದ ಮೂಲಕ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಹೆಚ್ಚು ಬಿಗಿಯಾದದ್ದೇ ಸಲ್ಲುತ್ತದೆ. ಆದರೆ ಅದೇ ಯಂತ್ರದ ಮುಂದೆ ಕುಳಿತವರಿಗೆ ಮೊದಲನೆಯ ಬಾಗಿಲು ಅನ್ವಯಿಸದು. ಕಡತದ ಅನುಮತಿಯನ್ನು ಸಡಿಲವಾಗಿ ಬಿಟ್ಟು ಹಂಚಿಕೆಯನ್ನಷ್ಟೇ ಬಿಗಿಗೊಳಿಸಿದವರು ಇದನ್ನು ಮರೆಯುವುದುಂಟು.

ಅಗತ್ಯವಿದ್ದಷ್ಟೇ ಅಧಿಕಾರ

ಕೆಲಸ ಕೂಡಲೇ ಸಾಗಲೆಂದು ಸರ್ವರಿಗೂ ಪೂರ್ಣ ಅಧಿಕಾರ ಕೊಡುವುದು ಸುಲಭೋಪಾಯವೆಂಬಂತೆ ತೋರುತ್ತದೆ. ಅದರ ಬೆಲೆ ತಡವಾಗಿ ತಿಳಿಯುತ್ತದೆ. ಒಬ್ಬರ ಯಂತ್ರಕ್ಕೆ ದುಷ್ಟ ಕ್ರಮವಿಧಿಯೊಂದು ಹೊಕ್ಕರೆ ಅದು ಆ ವ್ಯಕ್ತಿಯ ಅಧಿಕಾರದಲ್ಲಿಯೇ ವರ್ತಿಸುತ್ತದೆ. ಅವರು ತಿದ್ದಬಲ್ಲ ಕಡತಗಳನ್ನೆಲ್ಲ ಅದೂ ಕೆಡಿಸಬಲ್ಲದು. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದ ತತ್ತ್ವ ಇಂದಿಗೂ ಮಾನ್ಯವಾಗಿದೆ: ಕಾರ್ಯಕ್ಕೆ ಬೇಕಾದ ಕನಿಷ್ಠ ಅಧಿಕಾರವನ್ನಷ್ಟೇ ಕೊಡತಕ್ಕದ್ದು.

ಆಚರಣೆಯಲ್ಲಿ ಇದರರ್ಥ ಇಷ್ಟೇ. ಹಕ್ಕನ್ನು ವ್ಯಕ್ತಿಗಳಿಗಲ್ಲ, ಹೊಣೆಗೆ ತಕ್ಕ ಗುಂಪುಗಳಿಗೆ ನೀಡಬೇಕು; ಹೊಣೆ ಬದಲಾದ ದಿನವೇ ಹೆಸರನ್ನು ಗುಂಪಿನಿಂದ ತೆಗೆಯಬೇಕು. ಓದುವ ಹಕ್ಕು ಉದಾರವಾಗಿದ್ದರೂ ಬರೆಯುವ ಹಕ್ಕು ಮಿತವಾಗಿರಬೇಕು. ವರ್ಷಕ್ಕೊಮ್ಮೆಯಾದರೂ ಅನುಮತಿಗಳ ಪಟ್ಟಿಯನ್ನು ಪರಿಶೀಲಿಸಬೇಕು. ಹಕ್ಕುಳ್ಳವರ ಕೈಯಿಂದಲೂ ತಪ್ಪು ಘಟಿಸುವುದರಿಂದ ಕಡತಗಳ ಪ್ರತಿಯೊಂದನ್ನು ಜಾಲದಿಂದ ಬೇರ್ಪಡಿಸಿ ಇಡಬೇಕು.

ಅನುಮತಿಯ ಕಟ್ಟುಪಾಡು ಅಪನಂಬಿಕೆಯ ಕುರುಹಲ್ಲ. ವಿದ್ಯಾರ್ಥಿಯೊಬ್ಬನು ಪಡೆದ ಅಂಕ ಹಲವು ವರ್ಷಗಳ ನಂತರವೂ ಇದ್ದಂತೆಯೇ ದೊರೆಯಬೇಕಾದರೆ, ಅದನ್ನು ಯಾರು ತಿದ್ದಬಹುದಾಗಿತ್ತು ಎಂಬ ಪ್ರಶ್ನೆಗೆ ಸಂಸ್ಥೆಯ ಬಳಿ ಸ್ಪಷ್ಟವಾದ ಉತ್ತರವಿರಬೇಕು.