ಈ ಕಥೆ ಯಾರ ಮುಂದೆ ಹೇಳಿದ್ದು?

ಪ್ರೀತಿಯ ಮಗಳೇ,

ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಲು ಶುರುಮಾಡಿದ್ದೀಯೆಂದು ನಿನ್ನಪ್ಪ ಹೇಳಿದಾಗ ಮನಸ್ಸು ತುಂಬಿ ಬಂತು. ಸಾಮ್ಯಗಳೆಲ್ಲ ಬಾಯಿಪಾಠವಾಗಿರುವಾಗ ಮತ್ತೆ ಓದುವುದೇನಿದೆ ಎಂದು ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ನಿಧಾನವಾಗಿ ಕೂತು ಬರೆಯಬೇಕೆನಿಸಿತು.

ಕಥೆ ಗೊತ್ತಿದ್ದರೆ ಸಾಲದಮ್ಮ. ಯೇಸುಸ್ವಾಮಿ ಅದನ್ನು ಯಾರ ಮುಂದೆ ಹೇಳಿದರು ಎಂದು ನೋಡು. ತಪ್ಪಿಹೋದ ಮಗನ ಸಾಮ್ಯವನ್ನು ನಾವು ಲೂಕ 15ರ 11ನೇ ವಚನದಿಂದ ಓದಿಬಿಡುತ್ತೇವೆ. ನೀನು ಮೊದಲೆರಡು ವಚನ ಬಿಡಬೇಡ. ಸುಂಕದವರೂ ಪಾಪಿಗಳೆನಿಸಿಕೊಂಡವರೂ ಯೇಸುವಿನ ಹತ್ತಿರ ಬರುತ್ತಿದ್ದಾರೆ; ಇಂಥವರ ಜೊತೆ ಊಟಕ್ಕೆ ಕೂರುತ್ತಾನಲ್ಲ ಎಂದು ಫರಿಸಾಯರೂ ಶಾಸ್ತ್ರಿಗಳೂ ಗೊಣಗುತ್ತಿದ್ದಾರೆ. ಕುರಿ, ಬೆಳ್ಳಿ ನಾಣ್ಯ, ಮಗ, ಈ ಮೂರೂ ಸಾಮ್ಯಗಳು ಆ ಗೊಣಗಾಟಕ್ಕೆ ಕೊಟ್ಟ ಉತ್ತರ. ಇದು ತಿಳಿದ ಮೇಲೆ ಹಿರಿಯ ಮಗನ ಕಡೆ ಗಮನ ಹೋಗುತ್ತದೆ. ಹೊಲದಿಂದ ಬಂದವನು ಮನೆಯೊಳಗಿನ ವಾದ್ಯದ ಸದ್ದು ಕೇಳಿ, ಆಳನ್ನು ವಿಚಾರಿಸಿ, ಸಿಟ್ಟಿನಿಂದ ಹೊರಗೇ ನಿಂತುಬಿಡುತ್ತಾನೆ. ಇಷ್ಟು ವರ್ಷ ದುಡಿದರೂ ತನಗೊಂದು ಆಡಿನಮರಿ ಸಿಗಲಿಲ್ಲವೆಂಬುದು ಅವನ ನೋವು. ಕಿರಿಯವನನ್ನು ಕಂಡು ಓಡಿದ ತಂದೆಯೇ ಇವನಿಗಾಗಿಯೂ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ? ಲೂಕ ಹೇಳುವುದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಎದುರಿಗಿದ್ದ ಆ ಗೊಣಗಿದವರೇ. ಚರ್ಚಿನಲ್ಲೇ ಹುಟ್ಟಿ ಬೆಳೆದ ನಾವು ಕಿರಿಯ ಮಗನಿಗಿಂತ ಈ ಹಿರಿಯವನಿಗೇ ಹತ್ತಿರ ಎಂಬುದು ನನ್ನ ಎಣಿಕೆ.

ಒಳ್ಳೆಯ ಸಮಾರ್ಯದವನ ಕಥೆಯೂ ಹೀಗೆಯೇ. ಬಿದ್ದವರಿಗೆ ಸಹಾಯ ಮಾಡಿ ಎನ್ನುವಲ್ಲಿಗೆ ಪಾಠ ಮುಗಿಸಿದರೆ ಅದರ ಬಿಸಿ ಆರಿಹೋಗುತ್ತದೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೋಗಿಬರುವ ಬಳಕೆ ಇರಲಿಲ್ಲ. ಯೆಹೂದ್ಯರು ಯೆರೂಸಲೇಮಿಗೆ ಹೋದರೆ ಇವರ ಆರಾಧನೆ ಗೆರಿಜ್ಜೀಮ್ ಬೆಟ್ಟದ ಮೇಲೆ. ಈ ಕಥೆ ಬರುವ ಲೂಕ 10ರ ಹಿಂದಿನ ಅಧ್ಯಾಯದಲ್ಲೇ ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಸೇರಿಸಿಕೊಳ್ಳಲಿಲ್ಲ. ಆಕಾಶದಿಂದ ಬೆಂಕಿ ಬೀಳಲೆಂದು ಹೇಳೋಣವೇ ಎಂದು ಕೇಳಿದ ಯಾಕೋಬ ಯೋಹಾನರನ್ನು ಸ್ವಾಮಿ ಗದರಿಸಿದರು. ಅದೇ ಸಮಾರ್ಯದವನೊಬ್ಬ ಈಗ ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟುತ್ತಾನೆ. ಯಾಜಕನೂ ಲೇವಿಯನೂ ಆಗಲೇ ಓರೆಯಾಗಿ ದಾಟಿಹೋಗಿದ್ದರು. ನೆರೆಯವನು ಯಾರು ಎಂದು ಕೇಳಿದ್ದ ಧರ್ಮೋಪದೇಶಕ ಕೊನೆಗೆ ದಯೆ ತೋರಿಸಿದವನೇ ಎಂದು ಒಪ್ಪಬೇಕಾಯಿತು.

ಮಕ್ಕಳಿಗೆ ಇದನ್ನು ಹೇಳುವಾಗ, ಇವತ್ತು ಆ ಸಮಾರ್ಯದವನ ಜಾಗದಲ್ಲಿ ನಾವು ಯಾರನ್ನು ಇಟ್ಟಿದ್ದೇವೆ ಎಂದು ಕೇಳು. ಸಂಬಂಧ ನೋಡುವಾಗ ಜಾತಿ ವಿಚಾರಿಸುವುದು ನಮ್ಮ ಸಭೆಗಳಲ್ಲೂ ಇದೆ. ಮಕ್ಕಳು ಅದನ್ನು ಮನೆಯಲ್ಲೇ ಕೇಳಿಸಿಕೊಳ್ಳುತ್ತಾರೆ. ನೀನು ಆ ಮಾತು ತೆಗೆದರೆ ಹಿರಿಯರಲ್ಲಿ ಕೆಲವರು ಬೇಸರ ಮಾಡಿಕೊಳ್ಳಬಹುದು. ಹೆದರಬೇಡ, ನಿನ್ನ ಜೊತೆ ನಾನಿದ್ದೇನೆ.

ಭಾನುವಾರದ ಪಾಠಕ್ಕೆ ಮೊದಲು ಲೂಕ 9, 10 ಎರಡೂ ಅಧ್ಯಾಯಗಳನ್ನು ಒಟ್ಟಿಗೆ ಓದು. ಮಕ್ಕಳು ಏನೇನು ಕೇಳಿದರೆಂದು ತಪ್ಪದೆ ಬರಿ.

ಇತಿ ನಿನ್ನ ಪ್ರೀತಿಯ,
ದೊಡ್ಡಪ್ಪ