ಆಕಾಶಮಾರ್ಗದ ಅಳತೆ

ಹೈದರಾಬಾದಿನಿಂದ ಬೆಂಗಳೂರಿಗೆ ರಸ್ತೆಯ ದೂರ ಸುಮಾರು 570 ಕಿಲೋಮೀಟರು. ಶಂಷಾಬಾದಿನ ವಿಮಾನ ನಿಲ್ದಾಣದಿಂದ ಆಕಾಶಮಾರ್ಗವಾಗಿ ಅಳೆದರೆ 460ನ್ನು ಮೀರದು. ಇಷ್ಟು ಸಮೀಪದ ಊರುಗಳಿಗೆ ಗೋಡೆಯ ಭೂಪಟದ ಮೇಲೆ ಅಡಿಕೋಲಿಟ್ಟು ಗೆರೆ ಎಳೆದರೂ ತಪ್ಪು ಕಾಣಿಸದು. ದೂರ ಬೆಳೆದಂತೆ ಅದೇ ಅಡಿಕೋಲು ನಮ್ಮನ್ನು ವಂಚಿಸತೊಡಗುತ್ತದೆ.

2021ನೆಯ ಇಸವಿಯ ಜನವರಿ 9ರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಬಿಟ್ಟು, ನಡುವೆ ಎಲ್ಲಿಯೂ ಇಳಿಯದೆ, 11ರ ನಸುಕಿನಲ್ಲಿ ಬೆಂಗಳೂರನ್ನು ಮುಟ್ಟಿತು. ಅದನ್ನು ನಡೆಸಿದ ಚಾಲಕರು ನಾಲ್ವರೂ ಮಹಿಳೆಯರು. ಅವರ ಮುಖ್ಯಸ್ಥೆ ಕ್ಯಾಪ್ಟನ್ ಝೋಯಾ ಅಗರ್‌ವಾಲ್. ಅವರು ಬಂದ ದಾರಿ ಉತ್ತರ ಧ್ರುವದ ಮೇಲಿನದು. ಬೆಂಗಳೂರಿಗೆ ಬರುವವರು ಹಿಮದ ನಾಡಿಗೇಕೆ ಹೋದರು?

ಗೋಡೆಯ ಭೂಪಟದಲ್ಲಿ ಈ ಎರಡು ನಗರಗಳನ್ನು ಗೆರೆಯಿಂದ ಕೂಡಿಸಿದರೆ ಅದು ಅಟ್ಲಾಂಟಿಕ್ ಸಾಗರವನ್ನೂ ಆಫ್ರಿಕವನ್ನೂ ದಾಟುತ್ತದೆ; ಉದ್ದ ಸುಮಾರು 20,000 ಕಿಲೋಮೀಟರು. ಈಗ ಶಾಲೆಯ ಭೂಗೋಲವನ್ನು ತೆಗೆದುಕೊಂಡು ಅದೇ ಎರಡು ಸ್ಥಳಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯೋಣ. ದಾರ ತಾನಾಗಿ ಉತ್ತರಕ್ಕೆ ಸರಿದು, ಅಲಾಸ್ಕ, ಸೈಬೀರಿಯ, ಚೀನಗಳ ಮೇಲೆ ಹಾಯುತ್ತದೆ. ಉದ್ದ ಸುಮಾರು 14,000 ಮಾತ್ರ. ಗೋಲದ ಮೇಲೆ ಅತಿ ಕಿರಿದಾದ ಈ ದಾರಿಯು ಮಹಾವೃತ್ತದ ಒಂದು ತುಂಡು.

ಧ್ರುವವನ್ನು ಮುಟ್ಟಿಯೇ ಬಂದರೆ ಎಷ್ಟಾಗುವುದೆಂಬುದಕ್ಕೆ ದಾರವೂ ಬೇಡ. ಒಂದು ಅಕ್ಷಾಂಶಕ್ಕೆ 111 ಕಿಲೋಮೀಟರು. ಸ್ಯಾನ್ ಫ್ರಾನ್ಸಿಸ್ಕೊ 37½ ಡಿಗ್ರಿಯಲ್ಲಿದೆ, ಬೆಂಗಳೂರು 13ರಲ್ಲಿ. ಧ್ರುವಕ್ಕೆ ಏರುವುದು 52½, ಇಳಿಯುವುದು 77. ಒಟ್ಟು 129½ ಡಿಗ್ರಿ, ಅಂದರೆ ಸುಮಾರು 14,400 ಕಿಲೋಮೀಟರು. ಹೆಚ್ಚಾದದ್ದು ನಾಲ್ಕುನೂರೇ. ಗಾಳಿ ಎದುರಾದ ಕಿರುದಾರಿಗಿಂತ ಗಾಳಿ ಅನುಕೂಲವಾದ ಬಳಸುದಾರಿಯಲ್ಲಿ ಬೇಗ ತಲಪುವುದುಂಟು. ಆದುದರಿಂದ ಚಾಲಕರು ಅಂದಂದಿನ ಗಾಳಿಯನ್ನು ನೋಡಿಯೇ ದಾರಿಯನ್ನು ಗೊತ್ತುಮಾಡುತ್ತಾರೆ.

ಆದರೆ ಧ್ರುವದ ದಾರಿ ಸುಲಭವಲ್ಲ. ಅಲ್ಲಿ ಕಾಂತದ ದಿಕ್ಸೂಚಿಯನ್ನು ನಂಬಲಾಗದು. ಇಳಿಯಲು ತಕ್ಕ ನಿಲ್ದಾಣಗಳು ಬಹಳ ವಿರಳ. ಹತ್ತು ಕಿಲೋಮೀಟರು ಎತ್ತರದಲ್ಲಿ ಹೊರಗಿನ ಗಾಳಿ ಶೂನ್ಯಕ್ಕಿಂತ 50-60 ಡಿಗ್ರಿ ಕೆಳಗಿರುತ್ತದೆ. ಇಂಧನದಲ್ಲಿಯೋ, 40 ಡಿಗ್ರಿ ಕೆಳಗೆ ಇಳಿದರೆ ಹೆಪ್ಪುಗಟ್ಟತೊಡಗುವ ಬಗೆಯೂ ಉಂಟು. ಹೀಗಾಗಿ ರೆಕ್ಕೆಯೊಳಗಿನ ಇಂಧನದ ಉಷ್ಣತೆಯನ್ನು ಚಾಲಕರು ಉದ್ದಕ್ಕೂ ನೋಡುತ್ತಿರಬೇಕು. ಅದು ತೀರ ತಣ್ಣಗಾದರೆ ವೇಗವನ್ನು ಹೆಚ್ಚಿಸಬೇಕು, ಇಲ್ಲವೆ ಬೆಚ್ಚಗಿನ ಪದರಕ್ಕೆ ಇಳಿಯಬೇಕು. ನೂರಾರು ಜನರ ಪ್ರಾಣ ಆ ಒಂದು ಅಂಕಿಯನ್ನು ಅವಲಂಬಿಸಿರುತ್ತದೆ.

ಇನ್ನು ಕಾಲದ ಲೆಕ್ಕ. 9ರ ರಾತ್ರಿ ಸುಮಾರು 8.30ಕ್ಕೆ ಹೊರಟ ವಿಮಾನ 11ರ ನಸುಕಿನಲ್ಲಿ 3 ಗಂಟೆ ದಾಟಿದ ಮೇಲೆ ಇಳಿಯಿತು. ಗಡಿಯಾರದ ಪ್ರಕಾರ 30½ ಗಂಟೆಗೂ ಹೆಚ್ಚು! ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ 13½ ಗಂಟೆ ಮುಂದು. ಕಳೆದರೆ ಉಳಿಯುವುದು 17 ಗಂಟೆ ಚಿಲ್ಲರೆ. ದೂರವನ್ನು ಇದರಿಂದ ಭಾಗಿಸಿದರೆ ಗಂಟೆಗೆ ಸುಮಾರು 840 ಕಿಲೋಮೀಟರು ಬರುತ್ತದೆ. ಇದೇ ವೇಗದಲ್ಲಿ ಬೆಂಗಳೂರು ನಮಗೆ ಅರ್ಧ ಗಂಟೆಯ ಹಾದಿಯಷ್ಟೆ. ಆದರೂ ಒಂದು ಗಂಟೆಗಿಂತ ಹೆಚ್ಚು ಹಿಡಿಯುವುದೇಕೆಂದರೆ, ಏರುವ, ಇಳಿಯುವ, ನೆಲದ ಮೇಲೆ ಸರದಿ ಕಾಯುವ ಹೊತ್ತು ಕಿರುಯಾನದಲ್ಲಿಯೂ ತಪ್ಪದು.

ಅದೇ 2021ರ ಜನವರಿಯಲ್ಲಿ ನಮ್ಮ ಹೈದರಾಬಾದಿನಿಂದ ಷಿಕಾಗೊಗೂ ನೇರ ವಿಮಾನ ಹೊರಟಿತು. ಹೈದರಾಬಾದು 17½ ಡಿಗ್ರಿ, ಷಿಕಾಗೊ 42 ಡಿಗ್ರಿ ಉತ್ತರ. ಧ್ರುವದ ಮೇಲಿನಿಂದ ದೂರವನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಲಿ. ಉತ್ತರ 13,400ರ ಸಮೀಪ ಬಾರದಿದ್ದರೆ ಕೂಡಿಸಿದ್ದನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು.