ಹಳೆಯ ಮೋಟಾರಿನ ಗುರುತು

ಅಣ್ಣಿಗೇರಿ, ನವಲಗುಂದಗಳ ಎಷ್ಟೋ ಮನೆಗಳ ಪಡಸಾಲೆಯಲ್ಲಿ ತಾರೀಖಿಲ್ಲದ ಮದುವೆಯ ಛಾಯಾಚಿತ್ರಗಳುಂಟು. ಅಕ್ಷರ ಬಲ್ಲವರಿಲ್ಲದ ಮನೆಯಲ್ಲಿ ಅವುಗಳ ಕಾಲವನ್ನು ಯಾರೂ ಬರೆದಿಡಲಿಲ್ಲ. ವಧೂವರರ ಹಿಂದೆ ಮೋಟಾರು ನಿಂತಿದ್ದರೆ ಅದೇ ನಮಗೆ ಸಾಕ್ಷಿ. ಶಾಸನದ ಕಾಲವನ್ನು ಲಿಪಿಯಿಂದ ನಿರ್ಣಯಿಸುವಂತೆ ಚಿತ್ರದ ಕಾಲವನ್ನು ಮೋಟಾರಿನ ಆಕಾರದಿಂದ ಊಹಿಸಬಹುದು.

ಉದಾಹರಣೆಗೆ, 1954ರಲ್ಲಿ ಬಂದ ಹಿಂದುಸ್ತಾನ್ ಲ್ಯಾಂಡ್‌ಮಾಸ್ಟರಿನ ಹಿಂಬದಿ ದುಂಡಗಿದೆ. ಅದರ ತರುವಾಯ ಬಂದ ಅಂಬಾಸಿಡರಿಗೆ ಹಿಂಬದಿಯ ಎರಡೂ ಮಗ್ಗುಲಲ್ಲಿ ಸಣ್ಣ ರೆಕ್ಕೆಯಂಥ ಏಣುಗಳಿವೆ. ಎರಡೂ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡಿನ ಸಂತತಿಯೇ. ಅಂಬಾಸಿಡರ್ ಕಾಣುವ ಚಿತ್ರ 1957ಕ್ಕಿಂತ ಹಿಂದಿನದಾಗಲಾರದು.

ಆದರೆ ಎಷ್ಟು ಈಚಿನದೆಂಬುದನ್ನು ಮೋಟಾರು ಹೇಳದು; ಅಂಬಾಸಿಡರ್ 2014ರವರೆಗೂ ತಯಾರಾಯಿತು. ಉಳಿದುದನ್ನು ಹೇಳಬಲ್ಲವರು ಮನೆಯ ಹಿರಿಯರು. ಈ ರಜೆಯಲ್ಲಿಯೇ ಅವರನ್ನು ಕೇಳಿ, ಚಿತ್ರದ ಬೆನ್ನಿಗೆ ಬರೆದಿಡೋಣ.